ಎರಡನೇ ಕ್ಯಾಸೆಟ್ಟಿನ ಕೊನೆಯ ಹಾಡು

ಹಿರಿಯರ ಹಬ್ಬಕ್ಕೆ ಯಾರ್ಯಾರ ಹೆಸರಿನಲ್ಲಿ ಬಟ್ಟೆ ತರಬೇಕೆಂಬ ಮಾತು ಊಟದ ಹೊತ್ತಿಗೆ ಬಂತು. ಮಾವ ಓಬಯ್ಯ ಎಣ್ಣೆ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ಕೂತಿದ್ದರು. ಮೈದುನ ಪ್ರದೀಪ್ ಅವರ ಪಕ್ಕದಲ್ಲಿದ್ದ. ಅತ್ತೆ ಮುದ್ದಕ್ಕ ಮಾವನ ತಟ್ಟೆಗೆ ಮುದ್ದೆ ಇಡುತ್ತ ಹೇಳಿದರು.

“ನಿಮ್ಮಪ್ಪಂಗೆ ಪಂಚೆ. ನಿಮ್ಮವ್ವಂಗೆ ಸೀರೆ. ತಿಪ್ಪಯ್ಯ ಚಿಕ್ಕಪ್ಪಂಗೆ ಒಂದು ಟವೆಲ್ಲು ಸಾಕು.”

“ಹೊನ್ನೂರಂಗೆ?” ಎಂದರು ಮಾವ.

ಅತ್ತೆ ಸಾರು ಬಡಿಸಿದರು.

“ಪ್ಯಾಂಟು ಶರ್ಟಿನ ಬಟ್ಟೆ ತರಾನ. ಅವನು ಪಂಚೆ ಉಡ್ತಿರ್ಲಿಲ್ಲ.”

“ಅವನಿಗೆ ಒಳಗೆ ಎಡೆ ಇಡಂಗಿಲ್ಲ.”

ಮಾವನ ಕೈ ತಟ್ಟೆಯಲ್ಲೇ ನಿಂತಿತು. “ಏನಂದೆ?”

“ತಾನಾಗಿ ಹೋದೋರಿಗೆ ಹಿರೇರ ಸಾಲ್ನಾಗೆ ಎಡೆ ಇಲ್ಲ. ನಿಮ್ಮ ಮನೆ ಪದ್ಧತೀನೇ ಅದು. ನಾನು ತವರಿಂದ ತಂದಿದ್ದಲ್ಲ.”

“ತಾನಾಗಿ ಹೋದ ಅಂತ ಯಾವನು ಅಂದ? ಪೊಲೀಸ್ನೋರು ಆಕ್ಸಿಡೆಂಟ್ ಅಂತ ಬರ್ದವ್ರೆ.”

“ಅವನೇ ಹೇಳ್ಯಾನೆ. ಹಾಡ್ನಾಗೆ.”

ಪ್ರದೀಪ್ ತಟ್ಟೆ ಸರಿಸಿದ. “ಅವ್ವಾ, ಆ ಚಿಕ್ಕಬಸಪ್ಪನ ಬಸ್ಸು ಹತ್ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?”

ನಾನು ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದೆ. ಯಾರೂ ಮಜ್ಜಿಗೆ ಕೇಳಲಿಲ್ಲ.

ಹೊನ್ನೂರಸ್ವಾಮಿ ನನ್ನ ಗಂಡ. ಚಳ್ಳಕೆರೆಯ ಮೂವರು ಗೆಳೆಯರನ್ನು ಕಟ್ಟಿಕೊಂಡು ಒಂದು ಬ್ಯಾಂಡ್ ಮಾಡಿದ್ದ. ಊರಿನವರು ಅದನ್ನು ಆರ್ಕೆಸ್ಟ್ರಾ ಎನ್ನುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿತ್ತು. “ನಾವು ಸಿನಿಮಾ ಹಾಡು ಹೇಳಲ್ಲ, ನಮ್ದು ರಾಕ್ ಬ್ಯಾಂಡು” ಎಂದು ಟೀ ಅಂಗಡಿಯ ಮುಂದೆಯೂ ವಾದ ಮಾಡುತ್ತಿದ್ದ. ಮೊದಲ ಹಾಡನ್ನು ಊರಾಚೆಯ ವರವು ಕಾವಲಿನ ಹುಲ್ಲಿನಲ್ಲಿ ಕೂತು ಕಟ್ಟಿದ್ದರಿಂದ ಬ್ಯಾಂಡಿಗೆ ‘ವರವು’ ಎಂದು ಹೆಸರಿಟ್ಟರು. ಮಾವ ಮಾತ್ರ ಕೊನೆಯವರೆಗೂ, ಬರಗಾಲ ನೆನಪಾಗುವಂತೆ, ಅದನ್ನು ‘ಬರವು’ ಎಂದೇ ಕರೆದರು.

ಮೊದಲ ಕ್ಯಾಸೆಟ್ ಬಳ್ಳಾರಿ ರಸ್ತೆಯ ಬಸ್ಸುಗಳಲ್ಲೆಲ್ಲ ಓಡಿತು. ಎರಡನೆಯದನ್ನು ಯಾರೂ ಕೊಳ್ಳಲಿಲ್ಲ. ಹಾಡುಗಳು ಉದ್ದ, ತಾಳ ನಿಧಾನ, ಗಿಟಾರ್ ಜೋರು. ಅದರ ಕೊನೆಯ ಹಾಡಿಗೆ ಇದ್ದದ್ದು ಮೂರೇ ಸಾಲು.

ದಾರಿ ಉದ್ದ ಐತೆ
ಎಣ್ಣೆ ಕಮ್ಮಿ ಐತೆ
ಚಾಲು, ಚಾಲು, ಚಾಲು

ಚಳ್ಳಕೆರೆಯಲ್ಲಿ ಚಾಲು ಎಂದರೆ ಶುರು. ಮಿಲ್ಲಿನ ಮೋಟಾರು ಚಾಲು ಆಗುತ್ತದೆ, ಬಸ್ಸು ಚಾಲು ಆಗುತ್ತದೆ, ಅಕ್ಕಪಕ್ಕದವರ ಜಗಳ ಚಾಲು ಆಗುತ್ತದೆ. ಮೊಳಕಾಲ್ಮೂರಿನ ಕಡೆ, ಮನೆಯೊಳಗೆ ತೆಲುಗು ಆಡುವವರ ಬಾಯಲ್ಲಿ, ಅದೇ ಚಾಲು ಎಂದರೆ ಸಾಕು. ಅತ್ತೆ ದೇವಸಮುದ್ರದವರು. ಹೊನ್ನೂರಸ್ವಾಮಿ ಅಪ್ಪನ ಜೊತೆ ಕನ್ನಡ, ಅವ್ವನ ಜೊತೆ ತೆಲುಗು ಆಡುತ್ತಿದ್ದ. ನಾನು ಹಿರಿಯೂರಿನವಳು, ತೆಲುಗು ಬರುವುದಿಲ್ಲ. ಬಡಿಸುವಾಗ ಅತ್ತೆ “ಚಾಲು ಅಮ್ಮಾಯಿ, ಚಾಲು” ಎಂದರೆ ಸೌಟು ಹಿಂದಕ್ಕೆ ತೆಗೆಯಬೇಕೆಂದು ಮದುವೆಯಾದ ಹೊಸದರಲ್ಲೇ ಕಲಿತಿದ್ದೆ. ಹಾಡಿನ ಮಾತನ್ನು ಇದರ ಪಕ್ಕ ಇಟ್ಟು ನೋಡಿರಲಿಲ್ಲ.

ಕಳೆದ ಚಳಿಗಾಲ ಅವನು ಮೊಳಕಾಲ್ಮೂರಿಗೆ ಹೋಗಿ, ಅಂಗಡಿಯವರು ವಾಪಸ್ ಕೊಟ್ಟ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದ. ಕೊಂಡ್ಲಹಳ್ಳಿ ದಾಟಿದ ಮೇಲೆ ರಸ್ತೆ ನೇರ. ಮಧ್ಯಾಹ್ನದ ಬಿಸಿಲು. ಎದುರಿಗೆ ಗಾಡಿ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಬೈಕು ಜಾಲಿ ಮರದ ಬುಡದಲ್ಲಿ ಸಿಕ್ಕಿತು.

ಅವನು ಹೋದ ಮೇಲೆ ಎರಡನೇ ಕ್ಯಾಸೆಟ್ ಮಾರಾಟವಾಗತೊಡಗಿತು. ಕೇಳುವವರು ಹುಟ್ಟಿಕೊಂಡರು. ಕೇಳುವವರ ನಡುವೆ ವಾದ ಹುಟ್ಟಿಕೊಂಡಿತು. ಚಿಕ್ಕಬಸಪ್ಪ ದೇವಸಮುದ್ರದ ಖಾಸಗಿ ಬಸ್ಸಿನ ಕಂಡಕ್ಟರ್. ಅತ್ತೆ ತವರಿಗೆ ಹೋಗುವಾಗ ಅವನು ಆ ಹಾಡು ಹಾಕಿ, ಯಾರೋ ಪ್ಯಾಸೆಂಜರ್ ಜೊತೆ ವಾದ ಮಾಡಿದ್ದ. ಹಿಂದಿನ ಸೀಟಿನಲ್ಲಿ ಕೂತವರು ಹಾಡಿದವನ ತಾಯಿ ಎಂದು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಬಟ್ಟೆಯ ಮಾತು ಬಂದ ಎರಡು ದಿನಕ್ಕೆ ಆ ವಾದವನ್ನು ನಾನೂ ಕೇಳಿದೆ. ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಪಾಠ ಮುಗಿಸಿ, ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಕರೆಂಟು ಹೋಯಿತು. ಗಿರಣಿಯ ಪಕ್ಕದ್ದೇ ಚಾಂದ್ ಪಾಷನ ಕ್ಯಾಸೆಟ್ ಅಂಗಡಿ. ಗಿರಣಿ ನಿಂತದ್ದರಿಂದ ಅಲ್ಲಿನ ಮಾತೆಲ್ಲ ಗೋಡೆಯ ಈಚೆಗೆ ಕೇಳುತ್ತಿತ್ತು.

“ನಾನು ಹೇಳಿದ್ರೆ ಹೊಡೀತೀರ. ಆದ್ರೂ ಹೇಳ್ತೀನಿ. ಮೊದಲ್ನೇ ಕ್ಯಾಸೆಟ್ ಕಸ.” ಇದು ರಿಹಾನ್, ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್.

“ಲೇ ಲೇ ಲೇ, ಬಾಯಿ ತೊಳ್ಕಳಲೇ!”

“ಕಸ ಕಣಲೇ. ಸಿನಿಮಾ ಹಾಡಿಗೆ ಗಿಟಾರ್ ಜೋರು ಮಾಡಿದಂಗೈತೆ. ಎರಡನೇದ್ರಾಗೆ ಆರನೇ ಹಾಡು ಕೇಳು. ಅದು ಹಾಡು.”

“ಆರನೇ ಹಾಡಾ?” ಟೀ ಅಂಗಡಿಯ ಕ್ಯಾತಣ್ಣನ ದನಿ. “ಅದನ್ನ ಹಾಕಿದ್ರೆ ನನ್ನ ಗಿರಾಕಿಗಳು ಟೀ ಅರ್ಧಕ್ಕೆ ಬಿಟ್ಟು ಎದ್ದೋದ್ರಪ್ಪ.”

“ನಿನ್ನ ಟೀಗೆ ಎದ್ದೋಗಿರ್ತಾರೆ. ಹಾಡಿನ ಮೇಲೆ ಯಾಕೆ ಹಾಕ್ತೀಯ?”

ನಗು. ಚಾಂದ್ ಪಾಷ, “ಅರೆ ಭಾಯ್, ಕೊಳ್ಳೋರಿಗೆ ಜಾಗ ಬಿಡ್ರಿ” ಎಂದ. ಯಾರೂ ಬಿಟ್ಟಂತೆ ಕಾಣಲಿಲ್ಲ.

“ನಿಮ್ಮ ಚಳ್ಳಕೆರೆಯೋರಿಗೆ ಕೊನೇ ಹಾಡೇ ಅರ್ಥ ಆಗಿಲ್ಲ,” ಎಂದಿತು ಇನ್ನೊಂದು ದನಿ. “ಗಣಪತಿ ಮುಂದೆ ಹಾಕ್ಕೊಂಡು ಕುಣೀತೀರ. ಅದು ಕುಣಿಯೋ ಹಾಡಲ್ಲ. ಸಾಕು ಸಾಕು ಅಂತ ಅಳ್ತಾವ್ನೆ ಮನುಷ್ಯ.”

“ಬಂದ್ನಪ್ಪ ಚಿಕ್ಕಬಸಪ್ಪ. ಕನ್ನಡದ ಹಾಡ್ನಾಗೆ ತೆಲುಗು ಎಲ್ಲಿಂದ ಬಂತೋ?”

“ನಿಮ್ಮ ಬಾಯಾಗೆ ಬರಲ್ಲ. ನಮ್ಮ ಬಾಯಾಗೆ ಬರುತ್ತೆ. ನಮ್ಮಪ್ಪ ಬೈಯೋದು ಕನ್ನಡದಾಗೆ, ನಮ್ಮವ್ವ ಬೈಯೋದು ತೆಲುಗಿನಾಗೆ. ಎರಡೂ ತಿಂದು ಬೆಳ್ದಿರೋದು.”

“ಶುರು ಮಾಡ್ರಲೇ ಅಂತ ಅವನು ಹೇಳ್ತಿರೋದು. ಎಣ್ಣೆ ಕಮ್ಮಿ ಇದ್ರೂ ಹೊರಡ್ರಲೇ ಅಂತ.”

“ಹಂಗಾದ್ರೆ ಕೊನೆಗೆ ದನಿ ಯಾಕೆ ಸಣ್ಣಗಾಗ್ತೈತೆ?”

“ಸ್ಟುಡಿಯೋದಾಗೆ ಗುಂಡಿ ತಿರುವ್ತಾರೆ ಕಣೋ ಪೆದ್ದ. ಹಾಡು ಮುಗಿಯೋದೇ ಹಂಗೆ.”

“ಗುಂಡಿ ತಿರುವಿದ್ರೆ ಗಿಟಾರೂ ಸಣ್ಣಗಾಗ್ಬೇಕಲ್ಲ? ಕೇಳ್ನೋಡು. ಗಿಟಾರ್ ಇದ್ದಂಗೇ ಐತೆ. ದನಿ ಒಂದೇ ಹೋಗ್ತೈತೆ.”

ಆಮೇಲೆ ಕರೆಂಟು ಬಂತು. ಗಿರಣಿ ಶುರುವಾಯಿತು. ಬಿಸಿ ಹಿಟ್ಟಿನ ಚೀಲ ಸೊಂಟಕ್ಕಿಟ್ಟುಕೊಂಡು ಅಂಗಡಿಯ ಮುಂದೆಯೇ ಹಾದುಹೋದೆ. ರಿಹಾನ್ ಬೆಂಚಿನಿಂದ ಎದ್ದು ನಿಂತ. ಉಳಿದವರು ಕ್ಯಾಸೆಟ್ಟಿನ ಕವರುಗಳನ್ನು ನೋಡತೊಡಗಿದರು.

ಅದರ ಮರುವಾರವೆಲ್ಲ ಮನೆಯಲ್ಲಿ ಅದೇ ಮಾತು. ಪ್ರದೀಪ್ ಗೆಳೆಯನ ಟೇಪ್ ರೆಕಾರ್ಡರ್ ತಂದು, ಅವ್ವನಿಗೆ ಹಾಡು ಕೇಳಿಸಿ ತಿಳಿಸಿ ಹೇಳುತ್ತೇನೆಂದು ಕೂತ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಡ್ಲೆಕಾಯಿ ಸುಲಿಯುತ್ತ ಕೇಳಿದರು. ಮೂರನೆಯ ಚಾಲು ಬಂದಾಗ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ನೆಲಕ್ಕೂ ಹಾಕುತ್ತಿದ್ದರು.

“ನೋಡವ್ವಾ, ಎಷ್ಟು ಜೋರಾಗಿ ಹೇಳ್ತಾನೆ. ಅಳೋನು ಹಿಂಗೆ ಹೇಳ್ತಾನಾ?”

“ಚಿಕ್ಕೋನಿದ್ದಾಗ ಜ್ವರ ಬಂದ್ರೆ ಗಂಜಿ ಲೋಟ ತಳ್ಳಿ ಹಿಂಗೇ ಅಂತಿದ್ದ. ನೀನು ಹುಟ್ಟಿರ್ಲಿಲ್ಲ.”

ಮಾವ ಹೊರಗಿನಿಂದ ಬಂದವರೇ ಟೇಪ್ ಆರಿಸಿದರು. “ಮಿಲ್ನಾಗೆ ದಿನಾ ಮೋಟಾರು ಚಾಲು ಮಾಡೋನು ನಾನು. ಬುತ್ತಿ ತರೋನು ಅವನು. ಆ ಮಾತು ಅಲ್ಲಿ ಕೇಳಿದ್ದು. ಅಪ್ಪನ ಮಾತು ಬಾಯಿಗೆ ಬರಲ್ವೇನೇ? ನಿನ್ನ ಮಾತೇ ಬರ್ಬೇಕಾ?”

“ಅಪ್ಪನ ಮಾತು ಬಾಯಾಗೆ ಬರೋಕೆ ಅಪ್ಪ ಮಾತಾಡಿರ್ಬೇಕು. ನೀವು ಅವನ ಹತ್ರ ಆಡಿದ್ದೇನು? ಬರವು, ಬರವು.”

ಮಾವ ಚಪ್ಪಲಿ ಮೆಟ್ಟಿ ಮತ್ತೆ ಹೊರಗೆ ಹೋದರು.

ಪ್ರದೀಪ್ ಎಸ್‌ಟಿಡಿ ಬೂತಿಗೆ ಹೋಗಿ ಬ್ಯಾಂಡಿನ ಕೀಬೋರ್ಡಿನವನಿಗೆ ಫೋನ್ ಮಾಡಿ ಬಂದ. ಅವನು ಈಗ ಬಳ್ಳಾರಿಯಲ್ಲಿ ಮದುವೆಗಳಿಗೆ ಬಾರಿಸುತ್ತಾನೆ.

“ಏನಂದ?” ನಾನು ಕೇಳಿದೆ.

“ಹೊನ್ನೂರ ಬಾರಿಸ್ರಲೇ ಅಂದ, ಬಾರಿಸಿದ್ವಿ. ಅರ್ಥ ಕೇಳೋಕೆ ಅವನೇನು ಮೇಷ್ಟ್ರಾ ಅಂದ.” ಪ್ರದೀಪ್ ಗೋಡೆಗೊರಗಿ ನಿಂತ. “ಅತ್ತಿಗೆ, ಅಣ್ಣಂಗೆ ಅವ್ವ ಬೀದ್ಯಾಗೆ ಎಡೆ ಇಡ್ತಾಳಂತೆ. ನಾಯಿಗೆ ಹಾಕ್ದಂಗೆ. ಆಮೇಲೆ ನಾನು ಈ ಮನ್ಯಾಗೆ ಉಣ್ಣಲ್ಲ, ಹೇಳಿರ್ತೀನಿ.”

“ಅತ್ತೆಗೆ ಹೇಳು.”

“ಅವಳು ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ. ನೀವು ಓದಿದೋರು.”

ನಾನು ಪಾತ್ರೆಗಳನ್ನು ಬಚ್ಚಲಿಗೆ ತೆಗೆದುಕೊಂಡು ಹೋದೆ.

ಹಬ್ಬದ ಹಿಂದಿನ ಭಾನುವಾರ ಚಾಂದ್ ಪಾಷ ಮನೆಗೆ ಬಂದ. ಜೊತೆಗೆ ರಿಹಾನ್, ಚಿಕ್ಕಬಸಪ್ಪ. ಚಾಂದ್ ಪಾಷನ ಹೆಂಡತಿ ಬೀಬಿ ಜಾನ್ ಅತ್ತೆಗೆಂದು ಕೊಟ್ಟಿದ್ದ ಖರ್ಜೂರದ ಪೊಟ್ಟಣ ಅವನ ಕೈಲಿತ್ತು. ಎರಡೂ ಕ್ಯಾಸೆಟ್ಟುಗಳ ಒಳ್ಳೆಯ ಹಾಡುಗಳನ್ನು ಸೇರಿಸಿ ಒಂದೇ ಕ್ಯಾಸೆಟ್ ತರುವುದು ಅವನ ಯೋಚನೆ. ಮನೆಯವರು ಹೂಂ ಅನ್ನಬೇಕು.

“ಹಾಡೆಲ್ಲ ಗೊತ್ತು ಮಾಡಿದೀವಿ ಓಬಯ್ಯಣ್ಣ. ಒಂದರದ್ದೇ ತಲೆನೋವು. ಇವನು ಅದನ್ನ ಮೊದಲು ಹಾಕು ಅಂತಾನೆ. ಅವನು ಕೊನೆಗೆ ಹಾಕು ಅಂತಾನೆ. ನನ್ನ ಅಂಗಡಿ ಅಂಗಡಿಯಾಗಿ ಉಳಿದಿಲ್ಲ, ಕೋರ್ಟ್ ಆಗೈತೆ.”

“ಚಾಲು ಅಂದ್ರೆ ಶುರು. ಶುರುವಿನ ಹಾಡು ಶುರುನಾಗೇ ಇರ್ಬೇಕು,” ಎಂದ ರಿಹಾನ್.

“ಶುರುನಾಗೆ ಹಾಕಿದ್ರೆ ನಮ್ಮ ಕಡೆಯೋರು ಒಂದೂ ಕೊಳ್ಳಲ್ಲ,” ಎಂದ ಚಿಕ್ಕಬಸಪ್ಪ. “ಸಾಕು ಅಂದ್ಮೇಲೆ ಇನ್ನೇನ್ ಹಾಡ್ತಾನೆ?”

ಮಾವ, “ಲೇ ಮೆಲ್ಲಗೆ” ಎನ್ನುವಷ್ಟರಲ್ಲಿ ಅತ್ತೆ ಹೊರಗೆ ಬಂದಿದ್ದರು. ಕೈಗೆ ಹಿಟ್ಟು ಮೆತ್ತಿತ್ತು. ಚಿಕ್ಕಬಸಪ್ಪನ ಎದುರು ನಿಂತು ತೆಲುಗಿನಲ್ಲೇ ಮಾತು ತೆಗೆದರು.

“ನುವ್ವು ಚೆಪ್ಪು ನಾಯನಾ. ನೀನೇ ಹೇಳಪ್ಪ. ನನ್ನ ಮಗ ಏನಂದ?”

ಚಿಕ್ಕಬಸಪ್ಪ ಅವರ ಮುಖ ನೋಡಿದ. ಬಸ್ಸಿನ ಹಿಂದಿನ ಸೀಟು ಆಗ ನೆನಪಿಗೆ ಬಂದಿರಬೇಕು. ಎದ್ದು ನಿಂತ.

“ಅಮ್ಮಾ, ಅದು ಬರೀ ವಾದಕ್ಕೆ ಹೇಳೋದು. ಎಲ್ಲಾರೂ ಒಂದು ಅಂದ್ರೆ ನಾನೊಂದು ಅಂತೀನಿ. ಇವನು ಇನ್ನೊಂದು ಅಂತಾನೆ. ಟೈಂ ಪಾಸು.”

“ನಿಮ್ಮ ಟೈಂ ಪಾಸಿಗೆ ನನ್ನ ಮಗನ ಎಡೆ ಹೋಯ್ತು.”

ಅವನಿಗೆ ಅರ್ಥವಾಗಲಿಲ್ಲ. ಪ್ರದೀಪ್ ಬಿಡಿಸಿ ಹೇಳಿದ. ಚಾಂದ್ ಪಾಷ “ತೌಬಾ, ತೌಬಾ” ಎಂದು ಕೆನ್ನೆ ಮುಟ್ಟಿಕೊಂಡ. ಚಿಕ್ಕಬಸಪ್ಪ “ಹಂಗಿದ್ರೆ ಶುರು ಅಂತ್ಲೇ ಇರ್ಲಿ ಬಿಡಿ ಅಮ್ಮಾ, ನಾನು ಸೋತೆ” ಎಂದ.

“ನೀನು ಸೋಲೋದು ಗೆಲ್ಲೋದು ನನಗೆ ಬೇಡ. ಅವನು ಏನಂದ, ಅದು ಬೇಕು.” ಅತ್ತೆ ತಿರುಗಿದರು. ನಾನು ಬಾಗಿಲ ಹತ್ತಿರ ಟೀ ತಟ್ಟೆ ಹಿಡಿದು ನಿಂತಿದ್ದೆ. “ಅಮ್ಮಾಯಿ, ನೀನು ಹೇಳು. ಇಷ್ಟು ದಿನ ನಿನ್ನ ಕೇಳಿಲ್ಲ ನಾನು. ಹೆಂಡ್ತಿಗೆ ಹೇಳ್ದೆ ಇರ್ತಾನಾ? ಏನಂದ?”

ಎಲ್ಲರೂ ನನ್ನ ಕಡೆ ನೋಡಿದರು. ಮಾವ ಮಾತ್ರ ನೆಲ ನೋಡುತ್ತಿದ್ದರು.

“ಶುರು ಅಂತ,” ಎಂದೆ.

“ಅವನೇ ಅಂದ್ನಾ?”

“ಅವರೇ ಅಂದ್ರು. ಹಾಡು ಕಟ್ಟಿದ ದಿವಸ. ಬೈಕು ಚಾಲು ಆಗ್ತಿರ್ಲಿಲ್ಲ. ಕಿಕ್ ಹೊಡೀತಾ ಹೊಡೀತಾ ಅದೇ ಮಾತು ಅಂತಿದ್ರು. ಚಾಲು, ಚಾಲು ಅಂತ. ಆಮೇಲೆ ಒಳಗೆ ಬಂದು, ಹಾಡು ಸಿಕ್ತು ಅಂದ್ರು.”

“ಹೌದು!” ರಿಹಾನ್ ತೊಡೆ ತಟ್ಟಿದ. “ಆ ಗಾಡಿ ಹಂಗೇ. ಕಾರ್ಬೊರೇಟರ್ ನಾನೇ ಬಿಚ್ಚಿದ್ದೆ. ಟ್ಯಾಂಕ್ನಾಗೆ ಎಣ್ಣೇನೂ ಇರ್ತಿರ್ಲಿಲ್ಲ. ಎಣ್ಣೆ ಕಮ್ಮಿ ಐತೆ! ನೋಡಲೇ ಬಸಪ್ಪ, ನೋಡು.”

ಚಿಕ್ಕಬಸಪ್ಪ ತಲೆ ಆಡಿಸಿದ. ಆದರೆ ಅವನು ಹಾಡನ್ನು ನಿಜವಾಗಿ ಕೇಳಿದವನು. ಸುಮ್ಮನಿರಲು ಆಗಲಿಲ್ಲ. “ಸರಿ ಮೇಡಂ. ಆದ್ರೆ ಕೊನೆಗೆ ದನಿ ಒಂದೇ ಸಣ್ಣಗಾಗೋದು ಯಾಕೆ?”

ಪ್ರದೀಪ್ ಅವನ ತೋಳು ಹಿಡಿದ. ಅತ್ತೆಯೂ ಆ ಪ್ರಶ್ನೆಯ ಉತ್ತರಕ್ಕೆ ಕಾಯುತ್ತಿದ್ದರು.

“ಗಾಡಿ ಚಾಲು ಆಯ್ತಲ್ಲ,” ಎಂದೆ. “ಅವರು ದೂರ ಹೋಗ್ತಾರೆ. ಅದಕ್ಕೆ.”

ಚಾಂದ್ ಪಾಷ, “ಹಂಗಾದ್ರೆ ಮೊದಲ್ನೇ ಹಾಡು” ಎಂದು ಟೀ ಲೋಟ ತೆಗೆದುಕೊಂಡ. ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಒಳಗೆ ಹೋಗಿ, ನಾದಿದ್ದ ಹಿಟ್ಟನ್ನೇ ಮತ್ತೆ ನಾದತೊಡಗಿದರು.

ಹೊನ್ನೂರಸ್ವಾಮಿ ನನಗೆ ಹಾಗೆ ಹೇಳಿರಲಿಲ್ಲ. ಆ ಹಾಡು ಯಾವಾಗ ಕಟ್ಟಿದನೆಂದೂ ನನಗೆ ಗೊತ್ತಿರಲಿಲ್ಲ. ಎರಡನೇ ಕ್ಯಾಸೆಟ್ ಬಂದ ಮೇಲಿನ ತಿಂಗಳುಗಳಲ್ಲಿ ಅವನು ನನ್ನ ಜೊತೆ ಆಡಿದ್ದು, ನೀರು ಕಾದಿದೆಯಾ, ಬೀಗದ ಕೈ ಎಲ್ಲಿ, ಬಾಗಿಲು ಹಾಕ್ಕೋ. ಅವತ್ತು ಹೊರಟಾಗಲೂ ಅಷ್ಟೇ. ಬಾಗಿಲು ಹಾಕ್ಕೋ ಅಂದ. ಹಾಕಿಕೊಂಡೆ.

ಹಬ್ಬದ ದಿನ ಕಳಶದ ಮುಂದೆ ಎಲೆಗಳ ಸಾಲಿನ ಕೊನೆಯಲ್ಲಿ ಅವನ ಎಲೆ ಹಾಕಿದೆವು. ಕಂದು ಗೆರೆಯ ಶರ್ಟಿನ ಬಟ್ಟೆ ಮಾವನೇ ಆರಿಸಿ ತಂದಿದ್ದರು. ಕಡುಬು, ವಡೆ, ಕಡ್ಲೆಕಾಯಿ ಚಟ್ನಿ. ಎಲ್ಲ ಆದ ಮೇಲೆ ಅತ್ತೆ ಸೆರಗಿನಿಂದ ಒಂದು ಸಿಗರೇಟು ಪ್ಯಾಕು ತೆಗೆದು ಎಲೆಯ ಪಕ್ಕ ಇಟ್ಟರು.

“ಸಿಗರೇಟು ಸೇದ್ತಿದ್ನಾ ಅವನು?” ಎಂದರು ಮಾವ.

“ಹಿತ್ತಲಾಗೆ. ಈಗ ಬೈದು ಏನ್ ಮಾಡ್ತೀರಿ, ಬಿಡ್ರಿ.”

“ಬೆಂಕಿಪೊಟ್ಟಣ ಇಡೋದು ಬ್ಯಾಡ್ವಾ ಮತ್ತೆ?”

ಪ್ರದೀಪ್ ನಕ್ಕ. ಒಲೆಯ ಹತ್ತಿರವಿದ್ದ ಬೆಂಕಿಪೊಟ್ಟಣ ತಂದಿಟ್ಟ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತೆವು. ಅತ್ತೆ ಮಾವನ ಜೊತೆ ಮಿಲ್ಲಿನ ಯಾರದೋ ಮಗಳ ಮದುವೆಯ ಮಾತಾಡಿದರು. ಒಳಗೆ ಬಂದು ಊಟಕ್ಕೆ ಕೂತಾಗ, ಮಗ ಹೋದ ಮೇಲೆ ಮೊದಲ ಬಾರಿಗೆ, ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ದೀಪಾವಳಿಗೆ ಕ್ಯಾಸೆಟ್ ಬಂತು. ಆ ಹಾಡು ಮೊದಲನೆಯದು. ಬೈಕಿನ ಕಥೆ ಅಂಗಡಿಯಿಂದ ಬಸ್ಸಿಗೆ, ಬಸ್ಸಿನಿಂದ ಮೊಳಕಾಲ್ಮೂರಿಗೆ ಹೋಗಿ ಬೇರೆಯಾಗಿ ವಾಪಸ್ ಬಂತು. ಅವತ್ತು ಗಾಡಿ ತಳ್ಳಿದ್ದು ತಾನೇ ಎಂದು ಕ್ಯಾತಣ್ಣ ಹೇಳಿಕೊಂಡು ತಿರುಗಿದ. ಕಾಲೇಜಿನಲ್ಲಿ ಒಬ್ಬ ಹುಡುಗಿ, “ಆಗ ಮಳೆ ಬರ್ತಿತ್ತಂತೆ, ಹೌದಾ ಮೇಡಂ?” ಎಂದು ಕೇಳಿದಳು. ಹೌದು ಎಂದೆ. ಚಾಂದ್ ಪಾಷನ ಅಂಗಡಿಯಲ್ಲಿ ಈಗ ಆರನೇ ಹಾಡಿನ ವಾದ ನಡೆಯುತ್ತಿದೆ. ರಿಹಾನ್ ಒಬ್ಬನೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಕೊನೆಯ ಹಾಡಿನ ಮಾತು ಯಾರೂ ಎತ್ತುವುದಿಲ್ಲ. ಅದು ಇತ್ಯರ್ಥವಾಗಿದೆ.

ಅವನು ನಿಜಕ್ಕೂ ಏನಂದನೆಂದು ನಾನೂ ಇನ್ನು ಯಾರನ್ನೂ ಕೇಳುವಂತಿಲ್ಲ.

ಅತ್ತೆ ಮಾತ್ರ ಕೇಳುತ್ತಾರೆ. ರಾಗಿ ಹಸನು ಮಾಡುವಾಗ, ಕಡ್ಲೆಕಾಯಿ ಸುಲಿಯುವಾಗ, ಇಬ್ಬರೇ ಇದ್ದಾಗ. “ಅವತ್ತು ಒಳಗೆ ಬಂದು ಇನ್ನೇನಂದ ಅಮ್ಮಾಯಿ?” ನಾನು ಪ್ರತಿ ಸಲ ಸ್ವಲ್ಪ ಸೇರಿಸುತ್ತೇನೆ. ಕೈಗೆ ಗ್ರೀಸ್ ಆಗಿತ್ತು, ಬೂದಿ ಹಾಕಿ ತೊಳೆದರು ಎಂದೆ. ಟೀ ಕೇಳಿದರು, ಸಕ್ಕರೆ ಜಾಸ್ತಿ ಆಯ್ತು ಅಂದರು ಎಂದೆ. ಅತ್ತೆ, “ಅವನು ಯಾವಾಗ್ಲೂ ಹಂಗೇ” ಎನ್ನುತ್ತಾರೆ. ಹೊಸ್ತಿಲ ಮೇಲೆ ಕೂತು ಹಾಡಿನ ಮೂರು ಸಾಲು ಹೇಳಿದರು ಎಂದೆ. ನನಗೆ ಅವನು ಅಲ್ಲಿ ಕೂತದ್ದು ಕಾಣುತ್ತದೆ. ಶರ್ಟಿನ ತೋಳು ಮಡಚಿದ್ದು ಕಾಣುತ್ತದೆ.

ನಿನ್ನೆ ಮಧ್ಯಾಹ್ನ ಮೊರದಲ್ಲಿ ರಾಗಿ ಕೇರುತ್ತ ಹೇಳಿದೆ. “ಹಾಡು ಹೇಳಿ ಮುಗಿಸಿ, ಹೆಂಗೈತೆ ಅಂತ ನನ್ನ ಕೇಳಿದ್ರು ಅತ್ತೆ.”

ಅತ್ತೆ ಕೈ ನಿಲ್ಲಿಸಿದರು. “ನಿನ್ನ ಕೇಳಿದ್ನಾ?”

“ಹೂಂ. ನೀನು ಹೇಳು, ಉಳಿದೋರು ಏನಾದ್ರೂ ಅನ್ಲಿ ಅಂದ್ರು.”

ಅತ್ತೆಯ ಮುಖ ಅರಳಿತು. ಹತ್ತಿರ ಸರಿದು ಕೂತರು.

“ನೀನೇನಂದೆ?”

ನಾನು ಮೊರ ಕೆಳಗಿಟ್ಟೆ. ಅತ್ತೆ ಕಾಯುತ್ತಿದ್ದರು. ಹೊಸ್ತಿಲ ಮೇಲೆ ಅವನೂ ಕಾಯುತ್ತಿದ್ದ.

“ಹಾಲು ಇಟ್ಟಿದ್ದೆ, ನೋಡ್ತೀನಿ,” ಎಂದು ಎದ್ದೆ.

ಅಡುಗೆಮನೆಯಲ್ಲಿ ಒಲೆ ಆರಿತ್ತು. ಅದರ ಮೇಲೆ ಏನೂ ಇರಲಿಲ್ಲ.